ಹೊಸ ಕಾರ್ಡು ಹಾಕಿದರೂ ಹಳೆಯ ಆಟ ತಡವರಿಸುವುದೇಕೆ?

ಆಟಿ ತಿಂಗಳ ಒಂದು ಸಂಜೆ, ಹೊರಗೆ ಜಡಿಮಳೆ. ಉಡುಪಿಯ ನಮ್ಮ ಮನೆಯಲ್ಲಿ ಅಕ್ಕನ ಮಗ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿಟ್ಟುಕೊಂಡು ಕುಳಿತಿದ್ದ. ರಜೆಯಲ್ಲಿ ದುಡಿದ ಹಣವನ್ನೆಲ್ಲ ಸುರಿದು ಹೊಸ ಗ್ರಾಫಿಕ್ಸ್ ಕಾರ್ಡು ತಂದಿದ್ದ. ಆಡುವುದು ಮಾತ್ರ 2007ರ ‘ಕ್ರೈಸಿಸ್’. ಖಾಲಿ ಕಡಲತೀರದಲ್ಲಿ ಪರದೆಯ ಮೂಲೆಯ ಫ್ರೇಮ್ ಅಂಕಿ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, 80 ದಾಟಿತು, ಹುಡುಗನ ಮುಖ ಅರಳಿತು. ಟ್ಯಾಂಕುಗಳು ನುಗ್ಗಿ ಬರುವ ಕಾಳಗದಲ್ಲಿ ಅದೇ ಅಂಕಿ 35ಕ್ಕೆ ಕುಸಿಯಿತು. ಹಳೆಯ ಕಾರ್ಡಿನಲ್ಲೂ ಅಲ್ಲಿ ಅಷ್ಟೇ ಬರುತ್ತಿತ್ತು.

“ಮಾವ, ಅಂಗಡಿಯವರು ನನಗೆ ಮೋಸ ಮಾಡಿದರೇ?” ಎಂದು ಕೇಳಿದ.

ಮೋಸವಲ್ಲ. ಕಾರ್ಡು ಸರಿಯಾಗಿಯೇ ಇತ್ತು. ತಡವಾಗುತ್ತಿದ್ದದ್ದು ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನಲ್ಲಿ.

1996ರಲ್ಲಿ ‘ಕ್ವೇಕ್’ ಬಂದಾಗ ಚಿತ್ರ ಬಿಡಿಸುವ ಹೊರೆಯೂ ಪ್ರೊಸೆಸರಿನ ಮೇಲೆಯೇ ಇತ್ತು. ಅದೇ ವರ್ಷ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡು ಬಂದು ಆ ಹೊರೆಯನ್ನು ಹೊತ್ತುಕೊಂಡಿತು. 1999ರ ಜಿಫೋರ್ಸ್ 256 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಕೃತಿ ಮತ್ತು ಬೆಳಕಿನ ಲೆಕ್ಕಾಚಾರವನ್ನೂ ತಾನೇ ವಹಿಸಿಕೊಂಡಿತು. ಕಾರ್ಡು ಬದಲಿಸಿದರೆ ಆಟ ಓಡುತ್ತದೆ ಎಂಬ ನಂಬಿಕೆ ಬೇರೂರಿದ್ದು ಆ ದಿನಗಳಲ್ಲಿ. ಆಗ ಅದು ನಿಜವೂ ಆಗಿತ್ತು.

ಆದರೆ ಕಾರ್ಡು ತಾನಾಗಿ ಏನನ್ನೂ ಬಿಡಿಸುವುದಿಲ್ಲ. ನಮ್ಮ ಯಕ್ಷಗಾನವನ್ನೇ ನೋಡಿ: ವೇಷಧಾರಿ ಎಂಥ ಚುರುಕಿನವನಾದರೂ ಭಾಗವತರು ಪದ ಎತ್ತುವವರೆಗೆ ಕಾಯಲೇಬೇಕು. ಶತ್ರು ಎಲ್ಲಿ ನಿಂತಿದ್ದಾನೆ, ಗುಂಡು ಯಾರಿಗೆ ತಗಲಿತು, ಗೋಡೆ ಹೇಗೆ ಉರುಳಿತು ಎಂಬುದನ್ನೆಲ್ಲ ಮೊದಲು ಪ್ರೊಸೆಸರ್ ಲೆಕ್ಕ ಹಾಕಿ, ಯಾವ ವಸ್ತುವನ್ನು ಎಲ್ಲಿ ಬಿಡಿಸಬೇಕೆಂದು ಆಜ್ಞೆ ಕಳಿಸಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಪ್ರತಿ ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಆಜ್ಞೆ ಬರದಿದ್ದರೆ ಎಷ್ಟೇ ದುಬಾರಿಯ ಕಾರ್ಡಾದರೂ ಕೈಕಟ್ಟಿ ನಿಲ್ಲುತ್ತದೆ.

ಪ್ರೊಸೆಸರುಗಳ ವೇಗ ವರ್ಷವರ್ಷವೂ ಏರುತ್ತಲೇ ಹೋಗುತ್ತದೆಂದು ಆಟ ಬರೆಯುವವರು ನಂಬಿದ್ದರು. ಬಿಸಿ ಮತ್ತು ವಿದ್ಯುತ್ತಿನ ಬಳಕೆ ಮಿತಿಮೀರಿ ಆ ಓಟ 4 ಗಿಗಾಹರ್ಟ್ಸ್ ಸಮೀಪ ಮುಗ್ಗರಿಸಿತು. ಹಾಗಾಗಿ 2005ರಿಂದ ಮನೆಯ ಕಂಪ್ಯೂಟರುಗಳಿಗೆ ಎರಡು ಕೋರ್‌ಗಳ, ಅಂದರೆ ಬೇರೆಬೇರೆಯಾಗಿ ಲೆಕ್ಕ ಹಾಕಬಲ್ಲ ಎರಡು ಭಾಗಗಳ, ಪ್ರೊಸೆಸರ್‌ಗಳು ಬಂದವು. ಹಾಗಿದ್ದರೂ ಆ ಕಾಲದ ಬಹಳಷ್ಟು ಆಟಗಳ ಮುಖ್ಯ ಕೆಲಸ ನಡೆಯುತ್ತಿದ್ದದ್ದು ಒಂದೇ ಕೋರಿನಲ್ಲಿ. ‘ಕ್ರೈಸಿಸ್’ ಸಹ ವೇಗದ ಕೋರುಗಳನ್ನು ನಂಬಿ ಕಟ್ಟಿದ ಆಟ. ಇಂದಿನ ಎಂಟು ಕೋರುಗಳಲ್ಲಿ ಹೆಚ್ಚಿನವು ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಆಟದ ಆಜ್ಞೆಗಳನ್ನು ಕಾರ್ಡಿಗೆ ಮುಟ್ಟಿಸುವ ತಂತ್ರಾಂಶಗಳಲ್ಲಿ, ಆ ಕೆಲಸವನ್ನು ಹಲವು ಕೋರುಗಳಿಗೆ ಚೆನ್ನಾಗಿ ಹಂಚಲು ದಾರಿ ಮಾಡಿಕೊಟ್ಟ ಡೈರೆಕ್ಟ್‌ಎಕ್ಸ್ 12 ಬಂದದ್ದು 2015ರಲ್ಲಿ, ವಲ್ಕನ್ ಬಂದದ್ದು 2016ರಲ್ಲಿ. ಅದಕ್ಕೂ ಮೊದಲೇ ಬರೆದು ಮುಗಿಸಿದ ಆಟಕ್ಕೆ ಅವುಗಳಿಂದ ತಾನಾಗಿ ಲಾಭವಾಗದು.

ಇನ್ನು ಕೆಲವು ಆಟಗಳು ತಮಗೆ ತಾವೇ ಮಿತಿ ಹಾಕಿಕೊಂಡಿವೆ. 2011ರ ಮೂಲ ‘ಸ್ಕೈರಿಮ್’ 60 ಫ್ರೇಮ್ ದಾಟಿದರೆ ಅದರ ಭೌತಿಕ ಚಲನೆಯ ಲೆಕ್ಕವೇ ತಪ್ಪಿ, ಮೇಜಿನ ಮೇಲಿನ ಪಾತ್ರೆಗಳು ಹಾರಾಡುತ್ತವೆ.

ಹೊಸ ಕಾರ್ಡಿನಿಂದ ಹಳೆಯ ಆಟ ಇನ್ನಷ್ಟು ನಿಧಾನವಾದದ್ದೂ ಉಂಟು. 2022ರಲ್ಲಿ ಬಂದ ಇಂಟೆಲ್ ಆರ್ಕ್ ಕಾರ್ಡುಗಳು ಡೈರೆಕ್ಟ್‌ಎಕ್ಸ್ 9ರ ಆಜ್ಞೆಗಳನ್ನು 12ಕ್ಕೆ ಅನುವಾದಿಸಿ ನಡೆಸುತ್ತಿದ್ದವು, ಹಳೆಯ ಆಟಗಳು ಏದುಸಿರು ಬಿಟ್ಟವು. ಆ ವರ್ಷದ ಕೊನೆಗೆ ಹೊಸ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. 2025ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿ ವಸ್ತುಗಳ ಚಲನೆಯನ್ನು ಕಾರ್ಡಿನಲ್ಲೇ ಲೆಕ್ಕ ಹಾಕಿಸುತ್ತಿದ್ದ ಹಳೆಯ 32 ಬಿಟ್‌ನ ಫಿಸ್‌ಎಕ್ಸ್ ತಂತ್ರಾಂಶಕ್ಕೆ ಬೆಂಬಲವಿಲ್ಲದೆ ಬಂದಾಗ ‘ಬಾರ್ಡರ್‌ಲ್ಯಾಂಡ್ಸ್ 2’ರಂಥ ಆಟಗಳಲ್ಲಿ ಆ ಹೊರೆ ಮತ್ತೆ ಪ್ರೊಸೆಸರಿನ ತಲೆಗೇ ಬಿತ್ತು. ಹತ್ತು ವರ್ಷ ಹಿಂದಿನ ಆಟವನ್ನು ಪ್ರೀತಿಸುವವರನ್ನು ಕಂಪನಿಗಳು ಇಷ್ಟು ಸುಲಭವಾಗಿ ಮರೆಯಬಾರದಿತ್ತು.

ಹಣ ಕೊಡುವ ಮೊದಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅದನ್ನು ಹುಡುಗನಿಗೆ ತೋರಿಸಿದೆ. ರೆಸಲ್ಯೂಷನ್ ಅನ್ನು, ಅಂದರೆ ಪರದೆಯ ಮೇಲೆ ಬಿಡಿಸಬೇಕಾದ ಚುಕ್ಕಿಗಳ ಸಂಖ್ಯೆಯನ್ನು, 1920×1080ರಿಂದ 1280×720ಕ್ಕೆ ಇಳಿಸಿದೆವು. ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆಯಾಯಿತು. ಕಡಲತೀರದಲ್ಲಿ ಅಂಕಿ ಇನ್ನೂ ಮೇಲೇರಿತು, ಕಾಳಗದಲ್ಲಿ ಮಾತ್ರ 35ನ್ನು ಬಿಟ್ಟು ಕದಲಲಿಲ್ಲ. ಅಂದರೆ ಅಲ್ಲಿ ತಡೆ ಇದ್ದದ್ದು ಕಾರ್ಡಿನಲ್ಲಲ್ಲ.

ಅವನು ತುಸು ಹೊತ್ತು ಸುಮ್ಮನಿದ್ದ. ಬಳಿಕ ರೆಸಲ್ಯೂಷನ್ ಮೊದಲಿನಂತೆ ಏರಿಸಿ, ಅಂಚುಗಳನ್ನು ನಯಗೊಳಿಸುವ ಸೆಟ್ಟಿಂಗನ್ನು ತುತ್ತತುದಿಗೆ ಒಯ್ದ. ಕಾಳಗದಲ್ಲಿ ಆಗಲೂ 35. ಆದರೆ ಟ್ಯಾಂಕುಗಳ ಹಿಂದಿನ ತಾಳೆಗರಿಗಳಲ್ಲಿ ಒಂದೊಂದು ಎಸಳೂ ಈಗ ಬಿಡಿಬಿಡಿಯಾಗಿ ಕಾಣುತ್ತಿತ್ತು.