ಸುಂಕವಿಲ್ಲದ ಎಂಟು ಕಮಾನು

ಕ್ರಾಸ್ ಎಂದರೆ ನಮಗೆ ಬಸ್ ನಿಲ್ಲುವ ಅಡ್ಡರಸ್ತೆ. ಇಂಗ್ಲೆಂಡಿನ ಹಳೆಯ ಪೇಟೆಗಳಲ್ಲಿ ಅದು ಸಂತೆಮಾಳದ ನಡುವೆ ನೆಟ್ಟ ಶಿಲುಬೆ. ಕೆಲವು ಊರುಗಳಲ್ಲಿ ಬರಬರುತ್ತ ಆ ಜಾಗಕ್ಕೊಂದು ಸೂರು ಬಂತು, ಸೂರೇ ಮುಖ್ಯವಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ದಕ್ಷಿಣದ ಸಸೆಕ್ಸ್ ಸೀಮೆಯ ಚಿಚೆಸ್ಟರ್‌ನಲ್ಲಿರುವ ಮಾರ್ಕೆಟ್ ಕ್ರಾಸ್‌ಗೆ ಎರಡು ಅರ್ಥವೂ ಒಪ್ಪುತ್ತದೆ. ರೋಮನ್ನರು ಹಾಕಿಟ್ಟ ನಾಲ್ಕು ಬೀದಿಗಳು ಕೂಡುವಲ್ಲೇ ಅದು ನಿಂತಿದೆ.

ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲವೆಂದು ಅಲ್ಲಿನ ಬಿಷಪ್ ಎಡ್ವರ್ಡ್ ಸ್ಟೋರಿಗೂ ಗೊತ್ತಿದ್ದಿರಬೇಕು. ನಗರಸಭೆಯಿಂದ 10 ಪೌಂಡಿಗೆ ಜಾಗ ಕೊಂಡು 1501ರಲ್ಲಿ ಇದನ್ನು ಕಟ್ಟಿಸಿದ. ಬಡವರು ತಂದದ್ದನ್ನು ಸುಂಕ ಕಟ್ಟದೆ, ಮಳೆಗೆ ನೆನೆಯದೆ ಮಾರಿಕೊಳ್ಳಲಿ ಎಂಬುದು ಅವನ ಆಸೆ. ದುರಸ್ತಿಗೆಂದು ಆ್ಯಂಬರ್ಲಿ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 25 ಪೌಂಡ್ ಹುಟ್ಟುವ ಜಮೀನನ್ನೂ ಬಿಟ್ಟುಹೋದ. ನಗರಸಭೆಯವರು ಕೆಲವೇ ವರ್ಷಗಳಲ್ಲಿ ಅದನ್ನು ಮಾರಿ ಊರಿಗೆ ಹತ್ತಿರದಲ್ಲಿ ಬೇರೆ ಜಮೀನು ಕೊಂಡರು!

ಬರೀ ನೆರಳು ಸಾಕಾಗಿದ್ದರೆ ನಾಲ್ಕು ಕಂಬ, ಒಂದು ಮಾಡು ಆಗುತ್ತಿತ್ತು. ಸ್ಟೋರಿ ಕಟ್ಟಿಸಿದ್ದು ಹತ್ತಿರದ ಕೆಥೆಡ್ರಲ್‌ನ, ಅಂದರೆ ಬಿಷಪ್‌ನ ದೊಡ್ಡ ಚರ್ಚಿನ, ಜಾತಿಯದೇ ಕೆಲಸ. ಎಂಟು ಮೂಲೆ, ಎಂಟು ತೆರೆದ ಕಮಾನು. ನಡುವೆ ಒಂದೇ ದಪ್ಪ ಕಂಬ. ಅದರ ನೆತ್ತಿಯಿಂದ ಕಲ್ಲಿನ ಏಣುಗಳು ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಂಡು ಚಾವಣಿ ಹೊರುತ್ತವೆ. ಕಂಬದ ಬುಡದ ಸುತ್ತ ಕಲ್ಲಿನ ಜಗಲಿ. ಹೊರಗೆ ಎಂಟು ಮೂಲೆಗಳಿಂದ ಎದ್ದ ಬಾಗುಗಲ್ಲುಗಳು ಗಾಳಿಯಲ್ಲೇ ಚಾಚಿ ನೆತ್ತಿಯಲ್ಲಿ ಸೇರಿ ಕಿರೀಟವಾಗುತ್ತವೆ. ಕೆಳಗೆ ಕೂತು ಮಾರುತ್ತಿದ್ದವರಿಗೆ ಈ ಕಿರೀಟ ಕಾಣುತ್ತಲೇ ಇರಲಿಲ್ಲ.

ಆಮೇಲೆ ಬಂದವರೆಲ್ಲ ತಮ್ಮದೂ ಒಂದಿರಲಿ ಎಂದರು. ಇಂಗ್ಲೆಂಡಿಗೆ 1660ರಲ್ಲಿ ರಾಜಸತ್ತೆ ಮರಳಿದ ಮೇಲೆ, ಅದಕ್ಕೆ ಮುಂಚೆ ತಲೆ ಕಳೆದುಕೊಂಡಿದ್ದ ದೊರೆ ಒಂದನೇ ಚಾರ್ಲ್ಸ್‌ನ ಎದೆಮಟ್ಟದ ಪ್ರತಿಮೆ ಗೂಡಿಗೆ ಬಂತು. ಈಗ ಅಲ್ಲಿರುವುದು ಅದರ ನಕಲು. 1724ರಲ್ಲಿ ಎಲಿಜಬೆತ್ ಫ್ಯಾರಿಂಗ್ಟನ್ ಎಂಬಾಕೆ ಗಡಿಯಾರ ಕೊಟ್ಟಳು, ತನ್ನ ಸದ್ಭಾವ ಗಂಟೆಗೊಮ್ಮೆ ನೆನಪಾಗಲಿ ಎಂದು ಅಲ್ಲೇ ಬರೆಸಿಯೂ ಬಿಟ್ಟಳು. 1746ರಲ್ಲಿ ರಿಚ್ಮಂಡ್‌ನ ಡ್ಯೂಕ್ ತನ್ನ ಖರ್ಚಿನಲ್ಲಿ ದುರಸ್ತಿ ಮಾಡಿಸಿದ.

ಅಷ್ಟರಲ್ಲಿ ಸಂತೆ ಬೆಳೆದು ಎಂಟು ಕಮಾನಿಗೆ ಹಿಡಿಸದಾಯಿತು. 1808ರಲ್ಲಿ ಉತ್ತರ ಬೀದಿಯಲ್ಲಿ ಜಾನ್ ನ್ಯಾಶ್ ವಿನ್ಯಾಸದ ಹೊಸ ಮಾರುಕಟ್ಟೆ ತೆರೆಯಿತು. ದಾರಿಗೆ ಅಡ್ಡವಾದ ಕ್ರಾಸನ್ನು ಕೆಡವುವ ಮಾತೂ ಬಂತು. ಕೊನೆಗೆ ನಗರಸಭೆ ಉತ್ತರ ಬದಿಯ ಕೆಲವು ಮನೆಗಳನ್ನು ಕೊಂಡು, ಅವನ್ನೇ ಕೆಡವಿ ದಾರಿ ಅಗಲ ಮಾಡಿತು.

ಈಗ ಪೂರ್ವ, ಉತ್ತರ ಬೀದಿಗಳಲ್ಲಿ ಕಾಲ್ನಡಿಗೆಯವರದೇ ಓಡಾಟ. ಮಳೆ ಹನಿದರೆ ಜನ ಕಮಾನಿನೊಳಗೆ ನುಗ್ಗುತ್ತಾರೆ.