ಲೋಹ ಸೇರಿದ ಮಣ್ಣಲ್ಲಿ ಬೆಳೆದ ಗಿಡದಲ್ಲಿ ಮದ್ದಿನ ಗುಣ ಜಾಸ್ತಿಯೇ?

ಓದುಗರ ಪ್ರಶ್ನೆ: ಕ್ಯಾಡ್ಮಿಯಂ, ಸೀಸದಂಥ ಭಾರಲೋಹಗಳು ಇರುವ ಮಣ್ಣಿನಲ್ಲಿ ಬೆಳೆದ ಔಷಧಿ ಗಿಡಗಳಲ್ಲಿ ಮದ್ದಿನ ಅಂಶ ಹೆಚ್ಚುತ್ತದೆ ಎಂದು ಓದಿದೆ. ಇದು ನಿಜವೇ? ನಿಜವಾದರೆ ಅಂಥ ಗಿಡ ಇನ್ನೂ ಒಳ್ಳೆಯದು, ಅಲ್ವಾ?

ಮೊದಲ ಪ್ರಶ್ನೆಗೆ ಉತ್ತರ: ಕೆಲವು ಗಿಡಗಳಲ್ಲಿ, ಕೆಲವು ಲೋಹಗಳಿಂದ, ಒಂದು ಮಿತಿಯವರೆಗೆ ಹೌದು. ಎರಡನೆಯದಕ್ಕೆ ಉತ್ತರ: ಖಂಡಿತ ಇಲ್ಲ. ಈ ಎರಡೂ ಹೇಗೆ ಒಟ್ಟಿಗೆ ಸರಿ ಅನ್ನುವುದನ್ನು ತಿಳಿಯಲು ಬೇರಿನಿಂದಲೇ ಶುರು ಮಾಡೋಣ.

ಕ್ಯಾಡ್ಮಿಯಂನಿಂದ ಗಿಡಕ್ಕೆ ಏನೂ ಉಪಯೋಗವಿಲ್ಲ. ಆದರೆ ಗಿಡಕ್ಕೆ ಸತು ಬೇಕು, ಕಬ್ಬಿಣ ಬೇಕು. ಅವುಗಳನ್ನು ಒಳಗೆ ತರುವ ಬಾಗಿಲುಗಳು ಬೇರಿನ ಕೋಶಗಳಲ್ಲಿ ಇರುತ್ತವೆ. ಕ್ಯಾಡ್ಮಿಯಂ ಅದೇ ಬಾಗಿಲಿನಿಂದ ನುಸುಳುತ್ತದೆ. ಆರ್ಸೆನಿಕ್ ಒಂದು ರೂಪದಲ್ಲಿ ರಂಜಕದ ಹಾಗೆ ಕಾಣುವುದರಿಂದ ರಂಜಕದ ದಾರಿ ಹಿಡಿಯುತ್ತದೆ. ಸೀಸ ಮಾತ್ರ ಅಷ್ಟು ದೂರ ಹೋಗುವುದಿಲ್ಲ, ಬಹುಪಾಲು ಬೇರಿನ ಕೋಶಗಳ ಗೋಡೆಗೇ ಅಂಟಿಕೊಂಡು ನಿಲ್ಲುತ್ತದೆ.

ಒಳಗೆ ಬಂದ ಲೋಹ ಸುಮ್ನೆ ಕೂರುವುದಿಲ್ಲ. ತಾಮ್ರ ಜಾಸ್ತಿಯಾದರೆ ತಾನೇ ನೇರವಾಗಿ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಂಥ ಉಗ್ರ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ಅವು ಕೋಶದ ಪೊರೆ, ಪ್ರೋಟೀನು, ಡಿಎನ್‌ಎ ಎಲ್ಲವನ್ನೂ ಹಾಳು ಮಾಡುತ್ತವೆ. ಕ್ಯಾಡ್ಮಿಯಂನ ರೀತಿ ಬೇರೆ. ಗಂಧಕ ಇರುವ ಅಣುಗಳೆಂದರೆ ಅದಕ್ಕೆ ವಿಪರೀತ ಸೆಳೆತ. ಕೋಶವನ್ನು ಕಾಯುವ ಗ್ಲುಟಾಥಯೋನ್ ಎಂಬ ಗಂಧಕದ ಅಣು ಇದರಿಂದ ಖಾಲಿಯಾಗುತ್ತಾ ಬರುತ್ತದೆ. ಕಾವಲು ಕಡಿಮೆಯಾದಾಗ ಅದೇ ಉಗ್ರ ಕಣಗಳು ಹೆಚ್ಚುತ್ತವೆ.

ಗಿಡಕ್ಕೆ ಓಡಿಹೋಗಲು ಆಗುವುದಿಲ್ಲ. ಹಾಗಾಗಿ ಅದು ರಸಾಯನದಿಂದಲೇ ಬಚಾವಾಗಬೇಕು. ಇದರ ಒಂದು ದೊಡ್ಡ ಗುಟ್ಟು ಬಯಲಾಗಿದ್ದು ಒಂದು ಔಷಧಿ ಗಿಡದಲ್ಲೇ. 1985ರಲ್ಲಿ ಗ್ರಿಲ್, ವಿನ್ನಾಕರ್, ಝೆಂಕ್ ಎಂಬ ವಿಜ್ಞಾನಿಗಳು ಸರ್ಪಗಂಧದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಅವಕ್ಕೆ ಕ್ಯಾಡ್ಮಿಯಂ ಕೊಟ್ಟರು. ಆಗ ಕೋಶಗಳು ಗ್ಲುಟಾಥಯೋನ್ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಸಣ್ಣ ಸರಪಳಿಗಳನ್ನು ಮಾಡಿದ್ದವು. ಅವಕ್ಕೆ ಫೈಟೋಕಿಲೇಟಿನ್ ಎಂದು ಹೆಸರಿಟ್ಟರು. ಈ ಸರಪಳಿ ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ. ಆಮೇಲೆ ಗಿಡ ಅದನ್ನು ಕೋಶದೊಳಗಿನ ವ್ಯಾಕ್ಯೂಯೋಲ್ ಎಂಬ ಚೀಲಕ್ಕೆ ತುಂಬಿ ಬಾಗಿಲು ಹಾಕುತ್ತದೆ. ಒಂದು ಮಾತು ಇಲ್ಲಿ ನೆನಪಿರಲಿ: ಲೋಹ ಗಿಡದಿಂದ ಹೊರಗೆ ಹೋಗಲಿಲ್ಲ. ಗಿಡಕ್ಕೆ ತೊಂದರೆಯಾಗದ ಮೂಲೆಗೆ ಸೇರಿತು, ಅಷ್ಟೇ.

ಇನ್ನು ಮದ್ದಿನ ಅಂಶದ ವಿಷಯ. ಲೋಹದ ಕಾಟ ಶುರುವಾದಾಗ ಗಿಡದೊಳಗೆ ಜಾಸ್ಮೋನಿಕ್ ಆಮ್ಲದಂಥ ಎಚ್ಚರಿಕೆಯ ಸಂದೇಶಗಳು ಓಡಾಡುತ್ತವೆ. ಹುಳ ಎಲೆ ಕಡಿದಾಗ ಹೊರಡುವುದೂ ಇದೇ ಸಂದೇಶ. ಆಗ ಪಿಎಎಲ್ ಎಂಬ ಕಿಣ್ವ ಚುರುಕಾಗಿ, ಗಿಡ ತನ್ನ ರಕ್ಷಣೆಯ ವಸ್ತುಗಳನ್ನು ಮಾಡತೊಡಗುತ್ತದೆ. ಫಿನಾಲಿಕ್‌ಗಳು, ಫ್ಲೇವನಾಯ್ಡ್‌ಗಳು ಹೆಚ್ಚು ತಯಾರಾಗುತ್ತವೆ. ಇವು ಉಗ್ರ ಕಣಗಳನ್ನು ತಣ್ಣಗೆ ಮಾಡುತ್ತವೆ, ಕೆಲವು ಲೋಹವನ್ನೂ ಹಿಡಿದುಕೊಳ್ಳುತ್ತವೆ. ನಾವು ಮದ್ದು ಎಂದು ಕರೆಯುವ ಎಷ್ಟೋ ವಸ್ತುಗಳನ್ನು ಗಿಡ ತನ್ನ ಜೀವ ಉಳಿಸಿಕೊಳ್ಳಲು ಮಾಡಿಕೊಂಡಿದೆ. ಇದು ಅರ್ಥವಾದ ದಿನದಿಂದ ನನಗೆ ಔಷಧಿ ಗಿಡಗಳ ಮೇಲಿನ ಗೌರವ ಇನ್ನೂ ಹೆಚ್ಚಾಗಿದೆ.

ಮಲೇರಿಯಾ ಮದ್ದಾದ ಆರ್ಟೆಮಿಸಿನಿನ್ ಒಳ್ಳೆಯ ಉದಾಹರಣೆ. ಇದು ಸಿಗುವುದು ದವನದ ಬಳಗದ ಆರ್ಟೆಮಿಸಿಯಾ ಆನ್ಯುವಾ ಎಂಬ ಗಿಡದಲ್ಲಿ. ಇದನ್ನು ಕಂಡುಹಿಡಿದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಗಿಡದಲ್ಲಿ ಈ ವಸ್ತು ತಯಾರಾಗುವ ಕೊನೆಯ ಹಂತಕ್ಕೆ ಕಿಣ್ವ ಬೇಕಿಲ್ಲ, ಬೆಳಕು ಮತ್ತು ಉಗ್ರ ಆಮ್ಲಜನಕ ಸಾಕು. ಹಾಗಾಗಿ ಸ್ವಲ್ಪ ಪ್ರಮಾಣದ ಆರ್ಸೆನಿಕ್ ಕೊಟ್ಟ ಪ್ರಯೋಗಗಳಲ್ಲಿ ಆರ್ಟೆಮಿಸಿನಿನ್ ಏರಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಎಲ್ಲ ಗಿಡವೂ ಹೀಗಲ್ಲ. ಮನಸ್ಸಿನ ಬೇಸರಕ್ಕೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಸಸಿಗಳಿಗೆ ನಿಕಲ್ ಕೊಟ್ಟು ನೋಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಆ ಸಸಿಗಳಲ್ಲಿ ಹೈಪರ್‌ಫೋರಿನ್ ಪೂರ್ತಿ ಇಲ್ಲವಾಗಿತ್ತು. ಹೈಪರಿಸಿನ್ 15ರಿಂದ 20 ಪಟ್ಟು ಇಳಿದಿತ್ತು. ಈ ಎರಡೂ ಆ ಗಿಡದ ಮುಖ್ಯ ಮದ್ದಿನ ವಸ್ತುಗಳು! ಎಲೆ ನೋಡಿ ಗಿಡ ಯಾವುದೆಂದು ಹೇಳಬಹುದು, ಒಳಗೆ ಮದ್ದು ಇದೆಯೋ ಇಲ್ಲವೋ ಹೇಳಲಾಗದು.

ಮದ್ದಿನ ಅಂಶ ಏರುವ ಕಡೆಯೂ ಲೆಕ್ಕ ಹಾಕಿ ನೋಡಬೇಕು. ಒಂದು ಗಿಡ ಒಣಗಿದ ಮೇಲೆ 10 ಗ್ರಾಂ ತೂಗುತ್ತದೆ, ಅದರಲ್ಲಿ ಮದ್ದಿನ ಅಂಶ ಶೇ. 1 ಎಂದುಕೊಳ್ಳಿ. ಅಂದರೆ 100 ಮಿಲಿಗ್ರಾಂ. ಲೋಹದ ಕಾಟಕ್ಕೆ ಗಿಡ ಕುಗ್ಗಿ 5 ಗ್ರಾಂ ಆಯಿತು, ಅಂಶ ಶೇ. 1.5ಕ್ಕೆ ಏರಿತು. ಸಿಕ್ಕಿದ್ದು 75 ಮಿಲಿಗ್ರಾಂ ಮಾತ್ರ. ಶೇಕಡಾವಾರು ಏರಿದೆ ಎಂದು ಬರೆದರೆ ಸುಳ್ಳಲ್ಲ, ಆದರೆ ಬೆಳೆದವರಿಗೆ ನಷ್ಟ. ಲೋಹ ಇನ್ನೂ ಜಾಸ್ತಿಯಾದರೆ ಎಲೆಯ ಹಸಿರು ಕಳೆದು, ಆಹಾರ ತಯಾರಿಕೆ ಕುಸಿದು, ಶೇಕಡಾವಾರೂ ಬೀಳುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಮದ್ದಿನ ಅಂಶ ಏರಿದ ಅದೇ ಎಲೆಯಲ್ಲಿ, ಅದೇ ಬೇರಿನಲ್ಲಿ ಲೋಹವೂ ಇದೆ. ಅದು ಮೂಲವಸ್ತು, ಕುದಿಸಿದರೆ ಸಾಯುವುದಿಲ್ಲ, ಒಣಗಿಸಿದರೆ ಆರಿಹೋಗುವುದಿಲ್ಲ. ಒಣಗಿಸಿದಾಗ ಇನ್ನೂ ಸಾಂದ್ರವಾಗುತ್ತದೆ: ಐದು ಕಿಲೋ ಹಸಿ ಎಲೆ ಒಂದು ಕಿಲೋ ಆದರೆ, ಐದು ಕಿಲೋದಲ್ಲಿದ್ದ ಲೋಹ ಅಷ್ಟೂ ಆ ಒಂದು ಕಿಲೋದಲ್ಲಿ ಇರುತ್ತದೆ. ತೊಳೆದರೆ ಎಲೆಯ ಮೇಲಿನ ಧೂಳಿನ ಸೀಸ ಸ್ವಲ್ಪ ಹೋದೀತು. ಒಳಗೆ ಸೇರಿದ ಕ್ಯಾಡ್ಮಿಯಂ ಹೋಗುವುದಿಲ್ಲ. ಅದು ನಮ್ಮ ಮೂತ್ರಪಿಂಡ ಸೇರಿದರೆ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಒಣ ಔಷಧಿ ಸಸ್ಯಕ್ಕೆ ಸೂಚಿಸಿದ ಮಿತಿ ಇಷ್ಟು ಬಿಗಿಯಾಗಿದೆ: ಕಿಲೋಗೆ ಕ್ಯಾಡ್ಮಿಯಂ 0.3 ಮಿಲಿಗ್ರಾಂ, ಸೀಸ 10 ಮಿಲಿಗ್ರಾಂ.

ಹಬೆಯಲ್ಲಿ ಬಟ್ಟಿ ಇಳಿಸಿದ ಸುಗಂಧ ತೈಲದ ಕಥೆ ಸ್ವಲ್ಪ ಬೇರೆ. ಕ್ಯಾಡ್ಮಿಯಂ, ಸೀಸ ಹಬೆಯ ಜೊತೆ ಮೇಲೇಳುವುದಿಲ್ಲ, ಬಹುಪಾಲು ಬೆಂದ ಸೊಪ್ಪಿನಲ್ಲೇ ಉಳಿಯುತ್ತವೆ. ಪುದೀನಾ, ಲ್ಯಾವೆಂಡರ್‌ಗಳಲ್ಲಿ ಇದನ್ನು ನೋಡಿದ್ದಾರೆ. ಆದರೆ ಆ ಸೊಪ್ಪನ್ನು ಗೊಬ್ಬರ ಮಾಡಿದರೆ ಲೋಹ ಮತ್ತೆ ಮಣ್ಣಿಗೇ ವಾಪಸ್.

ಲೋಹದಿಂದ ಗಿಡವನ್ನು ಕೆಣಕಿ ಮದ್ದು ಹೆಚ್ಚಿಸುವ ವಿದ್ಯೆಯನ್ನು ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ. ಅಲ್ಲಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಬೇರುಗಳಿಗೆ ಅಳೆದು ಬೆಳ್ಳಿಯ ಅಥವಾ ತಾಮ್ರದ ಲವಣ ಕೊಡುತ್ತಾರೆ, ಆಮೇಲೆ ಬೇಕಾದ ಅಣುವನ್ನಷ್ಟೇ ಬೇರ್ಪಡಿಸಿ ಶುದ್ಧ ಮಾಡುತ್ತಾರೆ. ಹೊಲದಲ್ಲಿ ಬೆಳೆದು ಪುಡಿ ಮಾಡಿ ನುಂಗುವುದಕ್ಕೆ ಇದನ್ನು ಹೋಲಿಸಬಾರದು.

ಹಾಗಾದರೆ ಕೊಳ್ಳುವವರು ಏನು ಕೇಳಬೇಕು? ಮದ್ದಿನ ಅಂಶದ ವರದಿ ಮತ್ತು ಲೋಹದ ವರದಿ, ಎರಡನ್ನೂ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಬರುವುದಿಲ್ಲ. ಬೆಳೆಯುವವರು ನಾಟಿಗೆ ಮುಂಚೆಯೇ ಮಣ್ಣನ್ನು ಪರೀಕ್ಷೆ ಮಾಡಿಸಲಿ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಬೇರಿಗೆ ಸಲೀಸಾಗಿ ಸಿಗುತ್ತದೆ. ಸುಣ್ಣ ಹಾಕಿ ಹುಳಿ ಇಳಿಸಿದರೆ, ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿದರೆ ಅದು ಕಡಿಮೆಯಾಗುತ್ತದೆ. ಕೆಲವು ರಂಜಕದ ಗೊಬ್ಬರಗಳ ಜೊತೆಯೂ ಕ್ಯಾಡ್ಮಿಯಂ ಬರುತ್ತದೆ, ಅದರ ಮೇಲೂ ಕಣ್ಣಿರಲಿ. ಸರ್ಪಗಂಧ, ಅಶ್ವಗಂಧದಂಥ ಬೇರಿನ ಮದ್ದು ಬೆಳೆಯುವವರಂತೂ ಈ ಪರೀಕ್ಷೆಯನ್ನು ಬಿಡಲೇಬಾರದು. ಸೀಸ ನಿಲ್ಲುವುದು ಬೇರಿನಲ್ಲಿ, ಅವರು ಮಾರುವುದೂ ಬೇರನ್ನೇ.