ಎರಡನೆಯ ಪುಟಕ್ಕೆ ಹೋಗುವಷ್ಟರಲ್ಲಿ ತಪ್ಪಿಹೋದ ಚೀಟಿ

ಚಿಕ್ಕಮಗಳೂರಿನ ಸುತ್ತಲಿನ ಕಾಫಿ ತೋಟಗಳಿಗೆ ಲೆಕ್ಕದ ವೆಬ್ ಅಪ್ಲಿಕೇಶನ್ ಮಾಡಿಕೊಡುವ ನನಗೆ ಕೊಯ್ಲಿನ ಕಾಲದಲ್ಲಿ ಬರುವ ದೂರು ಹೆಚ್ಚಾಗಿ ಒಂದೇ: “ಸರ್, ಒಂದು ಚೀಟಿ ಎರಡು ಸಲ ಕಾಣುತ್ತದೆ, ಇನ್ನೊಂದು ಕಾಣುವುದೇ ಇಲ್ಲ.”

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ರೈಟರು (ತೋಟದ ಲೆಕ್ಕ ಬರೆಯುವವರು) ಕೂಲಿ ಬಟವಾಡೆಗೆ ಮುನ್ನ, ಕೊಯ್ದ ಹಣ್ಣಿನ ತೂಕದ ಚೀಟಿಗಳನ್ನು, ಹೊಸದು ಮೊದಲು ಬರುವಂತೆ, ಪುಟಕ್ಕೆ 25ರ ಹಾಗೆ ನೋಡಿ ಪುಸ್ತಕದಲ್ಲಿ ಟಿಕ್ ಹಾಕುತ್ತಿದ್ದರು. ಅವರು ಮೊದಲ ಪುಟ ಮುಗಿಸುವಷ್ಟರಲ್ಲಿ, ತೂಕದ ಜಾಗದಲ್ಲಿದ್ದ ಹುಡುಗ ಎರಡು ಬಾರಿ ನಮೂದಾಗಿದ್ದ ಹೊಸ ಚೀಟಿಯೊಂದನ್ನು ಅಳಿಸಿದ. 26ನೆಯದು ಮೇಲೇರಿ 25ನೆಯದಾಯಿತು. ಎರಡನೆಯ ಪುಟ ಹಳೆಯ 27ನೆಯದರಿಂದ ಆರಂಭವಾಯಿತು. ತಪ್ಪಿಹೋದದ್ದು ಒಬ್ಬ ಹೆಂಗಸು ದಿನವಿಡೀ ಕೊಯ್ದ ಹಣ್ಣಿನ ಕೂಲಿ. “ನಂದೊಂದು ದಿನದ್ದು ಬಂದಿಲ್ಲ ರೈಟರೇ” ಎಂದು ಆಕೆ ಬಂದು ಕೇಳಿದ್ದರಿಂದ ಮಾತ್ರ ಅದು ಸಿಕ್ಕಿತು. ಆ ಪ್ರೋಗ್ರಾಂ ಬರೆದವನು ನಾನೇ, ಅದು ನನಗೆ ಇಂದಿಗೂ ನೋವಿನ ವಿಷಯ.

ನಾನು ಬಳಸಿದ್ದು ಆಫ್‌ಸೆಟ್ ಎಂಬ, ಸಾಲು ಎಣಿಸಿ ಪುಟ ಮಾಡುವ ವಿಧಾನ. ಎರಡನೆಯ ಪುಟ ಎಂದು ಕೇಳಿದಾಗ, ಇದರಲ್ಲಿ ಡೇಟಾಬೇಸ್ ಪ್ರತಿ ಸಲವೂ ಮೇಲಿನಿಂದ ಹೊಸದಾಗಿ ಎಣಿಸಿ, 25 ಸಾಲು ಬಿಟ್ಟು, ಮುಂದಿನ 25 ಕೊಡುತ್ತದೆ. ನಡುವೆ ಚೀಟಿ ಸೇರಿದರೆ ನೋಡಿದ್ದೇ ಮತ್ತೆ ಬರುತ್ತದೆ, ಅಳಿದರೆ ನೋಡಬೇಕಾದದ್ದು ಜಾರುತ್ತದೆ. 401ನೆಯ ಪುಟಕ್ಕೆ 10,000 ಸಾಲುಗಳನ್ನು ದಾಟಿ ಹೋಗುವ ಶ್ರಮ ಬೇರೆ.

ಆದ್ದರಿಂದ ಕೊನೆಯದಾಗಿ ಕಂಡ ಚೀಟಿಯನ್ನೇ ಗುರುತಾಗಿಟ್ಟುಕೊಂಡು ‘ಇದಕ್ಕಿಂತ ಹಿಂದಿನ 25 ಕೊಡು’ ಎಂದು ಕೇಳಬೇಕು. ಗುರುತಿಗೆ ದಿನಾಂಕವೊಂದೇ ಸಾಲದು, ಏಕೆಂದರೆ ಒಂದೇ ದಿನ ನೂರಾರು ಚೀಟಿಗಳಿರುತ್ತವೆ. ದಿನಾಂಕದ ಜೊತೆಗೆ ಪ್ರತಿ ಚೀಟಿಗೂ ಬೇರೆಯಾಗಿರುವ ಸಂಖ್ಯೆಯೂ ಸೇರಬೇಕು. ಇದೇ ಕ್ರಮದಲ್ಲಿ ಜೋಡಿಸಬೇಕು, ಇಂಡೆಕ್ಸ್ (ಸಾಲನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಕೂಡ ಇವೆರಡರ ಮೇಲೇ ಇರಬೇಕು. 26 ಸಾಲು ತರಿಸಿ 25 ತೋರಿಸಿದರೆ ‘ಮುಂದೆ’ ಗುಂಡಿ ಬೇಕೋ ಬೇಡವೋ ತಿಳಿಯುತ್ತದೆ.

“ಹಾಗಾದರೆ 37ನೆಯ ಪುಟಕ್ಕೆ ನೇರವಾಗಿ ಹೋಗುವುದು ಹೇಗೆ?” ಎಂದು ಮಾಲೀಕರು ಪ್ರತಿ ಸಲ ಕೇಳುತ್ತಾರೆ. ಹೋಗಲಾಗುವುದಿಲ್ಲ. ಅವರಿಗೆ ನಿಜವಾಗಿ ಬೇಕಿರುವುದು ಯಾವುದೋ ದಿನದ ಚೀಟಿ. ಅದಕ್ಕೆ ದಿನಾಂಕದ ಹುಡುಕಾಟ ಕೊಡುತ್ತೇನೆ. ಬದಲಾಗದ ಸಣ್ಣ ಪಟ್ಟಿಗಳಿಗೆ ಪುಟಸಂಖ್ಯೆ ಸಾಕು, ಅಲ್ಲಿ ನನ್ನ ತಕರಾರಿಲ್ಲ.

ಆದರೂ ಯಾರಾದರೂ ನಡುವೆ ಚೀಟಿಯ ದಿನಾಂಕವನ್ನೇ ತಿದ್ದಿದರೆ ಈ ವಿಧಾನದಲ್ಲೂ ಒಂದು ಸಾಲು ತಪ್ಪಬಹುದು. ಹೀಗಾಗಿ ಈಗ ಟಿಕ್ ಗುರುತನ್ನು ಚೀಟಿಯ ದಾಖಲೆಯಲ್ಲೇ ಉಳಿಸುತ್ತೇನೆ. ಟಿಕ್ ಆಗದ ಚೀಟಿ ಒಂದಿದ್ದರೂ ಬಟವಾಡೆ ಪಟ್ಟಿ ಮುಚ್ಚುವುದಿಲ್ಲ.